ಹನುಮನ ತೋಳಲ್ಲಿ ಏಳದ ದಾಕು

೧೯೪೬ರ ಆರಂಭದಲ್ಲಿ ನಾನು ಹೊಸೂರು ತಾಲ್ಲೂಕಿನಲ್ಲಿ ವ್ಯಾಕ್ಸಿನೇಟರ್ ಆಗಿದ್ದೆ. ಊರೂರು ತಿರುಗಿ ಮಕ್ಕಳಿಗೆ ಸಿಡುಬು ಬಾರದಂತೆ ದಾಕು ಹಾಕುವುದು ನನ್ನ ಕೆಲಸ. ಸೈಕಲ್ ಬೆಲ್ ಕೇಳಿದರೆ ಸಾಕು, ಅರ್ಧ ಊರಿನ ಮಕ್ಕಳು ಹುಲ್ಲಿನ ಮೆದೆಯ ಹಿಂದೆ ಮಾಯವಾಗುತ್ತಿದ್ದರು. ಅಂಥದ್ದರಲ್ಲಿ ಒಬ್ಬ ತಂದೆ ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬಂದದ್ದು ನನಗೆ ಆಶ್ಚರ್ಯವೆನಿಸಿತು.

ಅವನು ಅವಲಪಲ್ಲಿಯ ತಿಮ್ಮರಾಯಪ್ಪ. ಹೊಸೂರಿನ ಬಳಿ ತೋಟ ಮಾಡಿದ್ದ ಒಬ್ಬ ಇಂಗ್ಲಿಷ್ ದೊರೆಯ ಹತ್ತಿರ ಹತ್ತು ವರ್ಷ ಮಾಲಿಯಾಗಿದ್ದು, ಕಸಿ ಕಟ್ಟುವುದರಲ್ಲಿ ಪಳಗಿದವನು. ಆ ದೊರೆ ಹಿಮಾಲಯದ ಕುಲು ಕಣಿವೆಯಲ್ಲಿ ಸೇಬಿನ ತೋಟ ಕೊಂಡು ಹೋಗಿದ್ದರು. ಈಗ ಇವನನ್ನೂ ಕರೆಸಿಕೊಳ್ಳುತ್ತಿದ್ದರು. ಹೆಂಡತಿ ಹಿಂದಿನ ವರ್ಷ ಮೂರನೆಯ ಹೆರಿಗೆಯಲ್ಲಿ ಕೂಸಿನ ಸಮೇತ ತೀರಿಕೊಂಡಿದ್ದಳು. ಆರು ವರ್ಷದ ಸಾಕಮ್ಮ, ಮೂರು ವರ್ಷದ ಹನುಮ, ಇಬ್ಬರನ್ನೂ ಕರೆದುಕೊಂಡೇ ಹೋಗುವುದೆಂದು ಅವನು ನಿಶ್ಚಯಿಸಿದ್ದ.

"ಅಲ್ಲಿ ಮೈಲಿ ಬಂದೈತಂತೆ ಸ್ವಾಮಿ. ದಾಕು ಹಾಕ್ಸಿದ ಚೀಟಿ ಇಲ್ದಿದ್ರೆ ಮಕ್ಕಳನ್ನ ಕರ್ಕಂಡು ಬರ್ಬೇಡ ಅಂತ ದೊರೆ ಬರ್ದವ್ರೆ," ಎಂದ. ಸಿಡುಬನ್ನು ನಮ್ಮ ಕಡೆ ಮೈಲಿ ಎನ್ನುತ್ತಾರೆ.

"ಎಲ್ಲಿದೆಯಪ್ಪ ಆ ಕುಲು?"

"ನಂಗೂ ಗೊತ್ತಿಲ್ಲ. ಬಡಗಲಾಗಿ ಹೋಗ್ತಾ ಇದ್ರೆ ದಾರಿ ಮುಗಿಯೋ ತಾವಂತೆ."

ನನಗೆ ಕುತೂಹಲ ತಡೆಯಲಾಗಲಿಲ್ಲ. ಶಾಲೆಗೆ ಹೋಗಿ ಗೋಡೆಯ ನಕಾಶೆಯಲ್ಲಿ ಹುಡುಕಿದೆ. ಕುಲುವಿನ ಹೆಸರೇ ಇರಲಿಲ್ಲ. ಮೇಷ್ಟ್ರು ಪಠಾಣಕೋಟೆಯ ಪಕ್ಕದ ಕಂದು ಬಣ್ಣದ ಮೇಲೆ ಬೆತ್ತ ಇಟ್ಟು, "ಇದರೊಳಗೆ ಎಲ್ಲೋ," ಎಂದರು. ಹೊಸೂರಿನ ಮೇಲೆ ಹೆಬ್ಬೆರಳಿಟ್ಟು ಕೈ ಅಗಲಿಸಿದರೆ ನನ್ನ ಕಿರುಬೆರಳು ಅಲ್ಲಿಗೆ ಮುಟ್ಟಲಿಲ್ಲ.

ಹೊರಡುವ ದಿನವನ್ನು ಮುಂದಕ್ಕೆ ಹಾಕುವಂತಿರಲಿಲ್ಲ. ಸೇಬಿನ ಮೊಗ್ಗು ಒಡೆಯುವ ಮೊದಲೇ ಕಸಿ ಕಟ್ಟಬೇಕು. ತಿಮ್ಮರಾಯಪ್ಪನಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತಿದ್ದವು; ಆದರೆ ಬೆಜವಾಡ, ಅಂದರೆ ಈಗಿನ ವಿಜಯವಾಡ, ದಾಟಿದ ಮೇಲೆ ಆ ಮೂರೂ ಉಪಯೋಗಕ್ಕಿಲ್ಲ. ಆಲಸನತ್ತಂನ ಹವಾಲ್ದಾರನೊಬ್ಬ ರಜೆ ಮುಗಿಸಿ ಫೆಬ್ರವರಿ ೧೬ರ ಶನಿವಾರ ಪಠಾಣಕೋಟೆಗೆ ಹೊರಡುವವನಿದ್ದ. ಅವನ ಜೊತೆ ತಪ್ಪಿದರೆ ಪ್ರಯಾಣವೂ ತಪ್ಪಿದಂತೆ.

ಜನವರಿ ೨೮ರ ಸೋಮವಾರ ಅವರ ಮನೆಯಲ್ಲಿ ಇಬ್ಬರಿಗೂ ದಾಕು ಹಾಕಿದೆ. ಕರುವಿನ ಮೈಯಿಂದ ತೆಗೆದು ತಯಾರಿಸಿದ ಲಿಂಫ್ ಎಂಬ ಔಷಧ ಸಣ್ಣ ಗಾಜಿನ ನಳಿಗೆಯಲ್ಲಿ ಬರುತ್ತಿತ್ತು. ಅದರ ಹನಿಯನ್ನು ತೋಳಿನ ಮೇಲಿಟ್ಟು ಲ್ಯಾನ್ಸೆಟ್ ಎಂಬ ಚೂಪು ಅಲಗಿನಿಂದ ಚರ್ಮವನ್ನು ಮೆಲ್ಲಗೆ ಗೀರಬೇಕು. ನಾಲ್ಕೈದು ದಿನಕ್ಕೆ ಅಲ್ಲಿ ಗುಳ್ಳೆ ಏಳುತ್ತದೆ. ಎಂಟನೆಯ ದಿನ ಅದನ್ನು ಪರೀಕ್ಷಿಸಿ, ಎದ್ದಿದ್ದರೆ ಮಾತ್ರ ಸರ್ಟಿಫಿಕೇಟ್ ಕೊಡಬೇಕು.

ಫೆಬ್ರವರಿ ೪ರಂದು ಹೋಗಿ ನೋಡಿದರೆ ಸಾಕಮ್ಮನ ತೋಳಿನಲ್ಲಿ ಮುತ್ತಿನಂಥ ಗುಳ್ಳೆಗಳು ಎದ್ದಿದ್ದವು. ಹನುಮನ ತೋಳಿನಲ್ಲಿ ಒಣಗಿದ ಗೀರು ಬಿಟ್ಟರೆ ಏನೂ ಇಲ್ಲ. ಹೊಸ ನಳಿಗೆ ಒಡೆದು ಮತ್ತೆ ಹಾಕಿದೆ. ೧೧ರಂದು ನೋಡಿದಾಗಲೂ ಅದೇ ಕಥೆ.

ಎಂಟು ವರ್ಷದ ಸರ್ವೀಸಿನಲ್ಲಿ ಒಂದೇ ಮಗುವಿಗೆ ಎರಡು ಸಲವೂ ಏಳದಿದ್ದದ್ದನ್ನು ಕಂಡಿರಲಿಲ್ಲ. ಔಷಧ ಬಿಸಿಲಿಗೆ ಕೆಟ್ಟಿತೇ ಎಂದರೆ, ಅದೇ ಕಟ್ಟಿನ ನಳಿಗೆಯಿಂದ ಬೀದಿಯ ಬೇರೆ ಮಕ್ಕಳಿಗೆಲ್ಲ ಚೆನ್ನಾಗಿ ಎದ್ದಿತ್ತು. ಹಿಂದೆ ಮೈಲಿ ಬಂದು ಹೋಗಿದೆಯೇ ಎಂದರೆ, ಮಗುವಿನ ಮೈಯಲ್ಲಿ ಒಂದು ಕಲೆಯೂ ಇಲ್ಲ. ತೋಳನ್ನು ಬೆಳಕಿಗೆ ಹಿಡಿದು ನೋಡುತ್ತ ಕುಳಿತೆ. ಗೀರಿನ ಸುತ್ತ ಚರ್ಮ ತಿಕ್ಕಿದಂತೆ ತರಿಯಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಸಾಕಮ್ಮನನ್ನು ಸುಮ್ಮನೆ ಕೇಳಿದೆ: "ತಮ್ಮನ ಕೈಗೆ ಏನು ಹಚ್ಚಿದ್ರಮ್ಮ?"

"ಹಚ್ಲಿಲ್ಲ. ನೀವು ಅತ್ಲಾಗೆ ಹೋಗ್ತಿದ್ದಂಗೆ ಅಜ್ಜಿ ಸೀಗೆಕಾಯಿ ಹಾಕಿ ತೊಳೀತು. ಮೊದ್ಲು ಹಾಕ್ದಾಗ್ಲೂ ತೊಳೀತು."

ಅಜ್ಜಿ ಎಂದರೆ ತಿಮ್ಮರಾಯಪ್ಪನ ತೀರಿಕೊಂಡ ಹೆಂಡತಿಯ ತಾಯಿ ಪಿಳ್ಳಮ್ಮ. ಮಗಳು ಹೋದಾಗಿನಿಂದ ಈ ಮಕ್ಕಳನ್ನು ಸಾಕುತ್ತಿದ್ದವಳು ಅವಳೇ. ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

"ಹೂಂ, ತೊಳ್ದೆ," ಎಂದಳು. "ಹೆಣ್ಣು ಮಗು ಅವ್ರಪ್ಪನ್ನ ಬಿಟ್ಟಿರಾಕಿಲ್ಲ, ಹೋಗ್ಲಿ. ಈ ಕೂಸು ನನ್ನ ಮಗಳ ಮುಖಾನೇ ಹೊತ್ಕಂಡು ಹುಟ್ಟೈತೆ. ಚೀಟಿ ಸಿಗ್ದಿದ್ರೆ ಇವನ್ನ ಇಲ್ಲೇ ಬಿಟ್ಟೋಗ್ತಾನೆ ಅಂತ ತೊಳ್ದೆ. ಏನ್ ಮಾಡ್ತೀರೋ ಮಾಡಿ."

ಕಾನೂನಿನ ಹೆಸರೆತ್ತಿ ಬೆದರಿಸಬಹುದಿತ್ತು. ಹಾಗೆ ಮಾಡಲಿಲ್ಲ. "ಅಜ್ಜಿ, ಅಲ್ಲಿ ಮೈಲಿ ಇದೆ ಅಂತ ನಮಗೆ ಗೊತ್ತಾಗಿದೆ. ಇಲ್ಲಿಗೆ ಬರಲ್ಲ ಅಂತ ಯಾರು ಹೇಳಿದರು? ಹನುಮ ಎಲ್ಲಿದ್ದರೂ ಈಗ ಅವನ ಮೈಗೆ ಕಾವಲಿಲ್ಲ," ಎಂದೆ.

ಅವಳು ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದ್ದು ಮೈಲಿಯ ವಿಷಯವೇ ಅಲ್ಲ. "ಅಷ್ಟು ದೂರ್ದಾಗೆ ಕೂಸಿಗೆ ಏನಾರ ಆದ್ರೆ ನಂಗ್ಯಾರು ಹೇಳ್ತಾರೆ ಸ್ವಾಮಿ? ಕಾಗ್ದ ಬಂದ್ರೂ ಓದೋರು ಯಾರು?"

"ನಾನು ಓದಿ ಹೇಳ್ತೀನಿ. ಸೈಕಲ್ ಈ ಕಡೆ ಬಂದೇ ಬರುತ್ತೆ."

"ನೀವೇ?"

"ನಾನೇ."

ಪಿಳ್ಳಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಹನುಮನನ್ನು ಮಡಿಲಿಗೆ ಎಳೆದುಕೊಂಡಳು. ತಾನೇ ಅವನ ತೋಳು ಹಿಡಿದಳು. ಮೂರನೆಯ ಸಲ ದಾಕು ಹಾಕಿ ಅದು ಒಣಗುವವರೆಗೆ ಅರ್ಧ ಗಂಟೆ ಅಲ್ಲೇ ಕುಳಿತೆ. ಮಗುವಿನ ಅಂಗಿ ತಗುಲದಂತೆ ಅವಳು ಅಷ್ಟು ಹೊತ್ತೂ ತೋಳನ್ನು ಎತ್ತಿಹಿಡಿದಿದ್ದಳು. ಹೊಸೂರಿಗೆ ಕಂಬಳಿ ಕೊಳ್ಳಲು ಹೋಗಿದ್ದ ತಿಮ್ಮರಾಯಪ್ಪ ಹಿಂದಿರುಗಿದಾಗ, ಮತ್ತೆ ಹಾಕಿದ್ದೇನೆ ಎಂದಷ್ಟೇ ಹೇಳಿದೆ.

ಶನಿವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸಿನ ಬಳಿ ತೋಳು ನೋಡಿದೆ. ಗುಳ್ಳೆ ಎದ್ದಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅಂದಿಗೆ ಆರನೆಯ ದಿನವಷ್ಟೇ. ಎಂಟನೆಯ ದಿನದ ಸರ್ಟಿಫಿಕೇಟಿಗೆ ಹೇಗೆ ಸಹಿ ಹಾಕಲಿ? ಕೊನೆಗೆ ಹಾಳೆಯೊಂದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಇಂಥ ದಿನ ಮೂರನೆಯ ಸಲ ಹಾಕಿದೆ, ಆರನೆಯ ದಿನ ಗುಳ್ಳೆ ಕಂಡಿದೆ, ಅಂತಿಮ ಪರೀಕ್ಷೆಯನ್ನು ಅಲ್ಲಿನ ಡಾಕ್ಟರು ಮಾಡಬೇಕು.

"ಇದ್ಕೆ ದೊರೆ ಒಪ್ತಾರಾ ಸ್ವಾಮಿ?"

"ಗೊತ್ತಿಲ್ಲಪ್ಪ. ಆದರೆ ಇದರಲ್ಲಿ ಸುಳ್ಳಿಲ್ಲ."

ಅವನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಮಗನನ್ನು ಹೆಗಲಿಗೇರಿಸಿ ಹತ್ತಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಪಿಳ್ಳಮ್ಮ ಅಲ್ಲೇ ನಿಂತಿದ್ದಳು.

ಏಪ್ರಿಲ್ ಮೊದಲ ವಾರ ಕಾಗದ ಬಂತು. ದೊರೆಯ ಗುಮಾಸ್ತ ಇಂಗ್ಲಿಷಿನಲ್ಲಿ ಬರೆದಿದ್ದ; ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಡಾಕ್ಟರು ಹನುಮನ ತೋಳು ನೋಡಿ ಸರಿಯಾಗಿದೆ ಎಂದಿದ್ದರು. ಕಣಿವೆಯಲ್ಲಿ ಮೈಲಿ ತಗುಲಿದ ಮಕ್ಕಳಿದ್ದರು; ಇವರಿಬ್ಬರ ಹತ್ತಿರ ಅದು ಸುಳಿದಿರಲಿಲ್ಲ. ಅಲ್ಲೂ ರಾಗಿ ಬೆಳೆಯುತ್ತಾರೆ, ಕೋದ್ರ ಎನ್ನುತ್ತಾರೆ, ಆದರೆ ರೊಟ್ಟಿ ತಟ್ಟುತ್ತಾರೆ ಎಂದಿತ್ತು.

"ಮುದ್ದೆ ಗೊತ್ತಿಲ್ವಂತಾ ಆ ಜನಕ್ಕೆ?" ಎಂದು ಪಿಳ್ಳಮ್ಮ ಕಣ್ಣೊರೆಸಿಕೊಂಡು ನಕ್ಕಳು. "ಇನ್ನೊಂದ್ ಸಲ ಓದಿ."

೧೯೪೯ರಲ್ಲಿ ನನಗೆ ಕೃಷ್ಣಗಿರಿಗೆ ವರ್ಗವಾಗುವವರೆಗೂ ಅವಳಿಗೆ ಬಂದ ಕಾಗದಗಳನ್ನು ನಾನೇ ಓದಿದೆ.

ನಮ್ಮ ರಿಜಿಸ್ಟರಿನಲ್ಲಿ ದಾಕು ಏಳದಿದ್ದರೆ ಕಾರಣ ಬರೆಯಲು ಒಂದು ಕಾಲಂ ಇತ್ತು. ಸೆಖೆ, ಹಳೆಯ ಔಷಧ ಎಂದು ಯೋಚಿಸದೆ ತುಂಬುತ್ತಿದ್ದೆವು. ಅಂದಿನಿಂದ ನಾನು ಯಾವ ಮನೆಗೆ ಹೋದರೂ ಪೆಟ್ಟಿಗೆ ತೆರೆಯುವ ಮುನ್ನ, ಈ ಮಗುವನ್ನು ಸಾಕುತ್ತಿರುವವರು ಯಾರು, ಅವರ ಅಂಜಿಕೆ ಏನು ಎಂದು ಕೇಳತೊಡಗಿದೆ. ಮಗುವನ್ನು ಯಾರ ಮಡಿಲಲ್ಲಿ ಕೂರಿಸಿ ದಾಕು ಹಾಕಬೇಕೆಂದು ನನಗೆ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.