ಮೆಟ್ಟಿಲು ಒಳಗೋ ಹೊರಗೋ

ಈಚೆಗೆ ನಾನು ಕಂಬಿ ಎಣಿಸುತ್ತಿದ್ದೇನೆ ಎಂದರೆ, ಓದುಗ ಮಹಾಶಯರೇ, ದಯವಿಟ್ಟು ಜಾಮೀನಿನ ಏರ್ಪಾಟಿಗೆ ಓಡಬೇಡಿ. ನಾನು ಎಣಿಸುವುದು ಬಸ್ಸಿನ ಕಿಟಕಿಯಿಂದ, ಮನೆಗಳ ತಾರಸಿಯ ಮೇಲೆ ಪಿಲ್ಲರುಗಳಿಂದ ಹೊರಚಾಚಿ ನಿಂತ ಕಬ್ಬಿಣದ ಕಂಬಿಗಳನ್ನು. ಚನ್ನಗಿರಿಯಿಂದ ಹೊನ್ನಾಳಿಯವರೆಗೆ, ಅತ್ತ ಜಗಳೂರಿನ ಹೊಸ ಬಡಾವಣೆಗಳಲ್ಲೂ, ಒಂದಂತಸ್ತು ಕಟ್ಟಿದವರೆಲ್ಲ ಇನ್ನೊಂದರ ಆಸೆಯನ್ನು ಹೀಗೆ ಆಕಾಶಕ್ಕೆ ತೋರಿಸಿ ಇಟ್ಟಿದ್ದಾರೆ. ಮೊದಲೆಲ್ಲ ಇದು ನನಗೆ ಅರೆಬರೆ ಕೆಲಸವಾಗಿ ಕಾಣುತ್ತಿತ್ತು. ನ್ಯಾಮತಿಯಲ್ಲಿ ನಾನೇ ಮನೆ ಕಟ್ಟಿಸತೊಡಗಿದ ಮೇಲೆ ಕಂಬಿ ಕಂಡರೆ ಸಾಕು, ಹಿಗ್ಗೋ ಹಿಗ್ಗು.

ಈ ಹಿಗ್ಗಿಗೆ ಗಾಳಿ ಊದುವವರು ನಮ್ಮ ಮೇಸ್ತ್ರಿ, ಬಸವಾಪಟ್ಟಣದ ಕರಿಬಸಪ್ಪನವರು. ಅವರ ಭವಿಷ್ಯವಾಣಿಯ ಮುಂದೆ ಪಂಚಾಂಗವೂ ಸಪ್ಪೆ. "ನ್ಯಾಮತಿ ತಾಲ್ಲೂಕಾತಲ್ರೀ ಸಾರ್! ಆಫೀಸು ಬರ್ತಾವೆ, ನೌಕರ್ರು ಬರ್ತಾರೆ, ಬಾಡಿಗೆ ಮನೆ ಎಲ್ಲೈತೆ? ಮ್ಯಾಲೊಂದು ಕಟ್ರಿ, ಅದರ ಮ್ಯಾಲೂ ಒಂದು ಕಟ್ಟಬೇಕಾಗ್ತತೆ!" ಎಂದು ಅವರು ಕೈಯೆತ್ತಿದಾಗ, ಇನ್ನೂ ಪಾಯದ ಗುಂಡಿಯೇ ತುಂಬದ ಸೈಟಿನಲ್ಲಿ ನಾನು ಕತ್ತೆತ್ತಿ ಮೂರನೆಯ ಅಂತಸ್ತನ್ನು ನೋಡಿಬಿಟ್ಟೆ. ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಬೋಧಿಸುವ ನನಗೆ ಅತಿಶಯೋಕ್ತಿಯ ಪರಿಚಯ ಉಂಟು. ಅದು ಸಿಮೆಂಟು ಕಲಸಿಕೊಂಡು ಬಂದರೆ ಇಷ್ಟು ರುಚಿಯೆಂದು ಗೊತ್ತಿರಲಿಲ್ಲ.

ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕುವ ಹಿಂದಿನ ದಿನ ಅದೇ ಮೇಸ್ತ್ರಿ ಕೇಳಿದ ಪ್ರಶ್ನೆಯಲ್ಲಿ ಮಾತ್ರ ಯಾವ ಅಲಂಕಾರವೂ ಇರಲಿಲ್ಲ: "ಮೆಟ್ಲು ಒಳಗೋ ಹೊರಗೋ? ಒಳಗಾದ್ರೆ ಮೋಲ್ಡ್‌ನಾಗೆ ಜಾಗ ಬಿಡಬೇಕು. ಕಾಂಕ್ರೀಟ್ ಬಿದ್ದ ಮ್ಯಾಲೆ ಬದಲಾಯಿಸಾಕೆ ಬರಲ್ಲ." ಎಣಿಸುವುದು ಬಿಟ್ಟು ಕಂಬಿ ಕೀಳೋಣವೆನ್ನಿಸಿತು. ಮೇಲಿನ ಮನೆ ಜಗಳೂರಿನಲ್ಲಿ ನರ್ಸಾಗಿರುವ ನನ್ನ ತಂಗಿ ಗಿರಿಜೆಗೆಂದು ಮೊದಲೇ ಮಾತಾಗಿತ್ತು. ಮದುವೆ ಬೇಡವೆಂದವಳು, ಓದುವಾಗ ಹಾಸ್ಟೆಲ್ಲು, ಆಮೇಲೆ ಕ್ವಾರ್ಟರ್ಸು, ರಜೆ ಬಂದರೆ ನಮ್ಮ ನಡುಮನೆ. ಈಗ ಅವಳಿಗೆ ಇತ್ತ ವರ್ಗವಾಗುವುದರಲ್ಲಿತ್ತು. ಒಳಮೆಟ್ಟಿಲೆಂದರೆ ಒಂದೇ ಕುಟುಂಬ, ಹೊರಮೆಟ್ಟಿಲೆಂದರೆ ಬಾಡಿಗೆಯವರು ಎಂದು ನಮ್ಮ ಕಡೆ ದಾರಿಹೋಕರೂ ಓದಿಕೊಳ್ಳುತ್ತಾರೆ. ಒಡಹುಟ್ಟಿದವಳನ್ನು ಬಾಡಿಗೆಯವಳಂತೆ ಹೊರಗಿನಿಂದ ಹತ್ತಿಸುವುದೇ? ನಾನು "ಒಳಗೇ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ ಸುಮಾ, "ಇರಾಕೆ ಬರೋಳು ಅವಳು, ಅವಳ್ನೂ ಒಂದ್ ಮಾತು ಕೇಳ್ರಿ" ಎಂದಳು.

ಮನೆಗೆ ಬಂದು ಫೋನ್ ಮಾಡಿ ನನ್ನ ಔದಾರ್ಯವನ್ನು ಸವಿಸ್ತಾರವಾಗಿ ಬಣ್ಣಿಸಿದೆ. ಗಿರಿಜೆ ಪೂರ್ತಿ ಕೇಳಿಸಿಕೊಂಡು, "ಅಣ್ಣಾ, ಹೊರಗೇ ಇಡ್ಸು" ಎಂದಳು. "ಡ್ಯೂಟಿ ಮುಗಿಸ್ಕೊಂಡು ಬಂದಾಗ ನಿಮ್ಮ ನಡುಮನೆ ದಾಟಿ ಕಳ್ಳಿ ಹಂಗೆ ಹತ್ತೋದು ಬ್ಯಾಡ. ನನ್ನ ಬಾಗ್ಲಿಗೆ ನಾನೇ ಬೀಗ ಹಾಕಿ ನಾನೇ ತಗೀಬೇಕು. ಇಷ್ಟು ವಯಸ್ಸಾದ್ರೂ ಅದೊಂದು ಆಗೇ ಇಲ್ಲ ನೋಡು."

ಮೊದಲು ಚುರುಕ್ಕೆಂದಿತು. ಆದರೆ ಅವಳ ದನಿಯ ಹುಮ್ಮಸ್ಸು ನನಗೂ ಅಂಟದೆ ಬಿಡಲಿಲ್ಲ. ಮೇಸ್ತ್ರಿಯೂ ನಾನೂ ಇಷ್ಟು ದಿನ ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಿದ್ದೆವು. ಅವಳು ಮಾತ್ರ ತನಗೆ ಬೇಕಾದ ಬಾಗಿಲನ್ನು ಆಗಲೇ ನೋಡಿಕೊಂಡಿದ್ದಳು. ಚಪ್ಪಲಿ ಮೆಟ್ಟಿಕೊಂಡು ಸೈಟಿಗೆ ಓಡಿ "ಹೊರಗೆ, ಹೊರಗೆ!" ಎಂದು ಕೂಗಿ ಬಂದೆ.

ಮೊನ್ನೆ ಭಾನುವಾರ ಗಿರಿಜೆ ಬಂದಳು. ಮೇಲೆ ಇನ್ನೂ ಬಟಾಬಯಲು, ಮೆಟ್ಟಿಲಷ್ಟೇ ಮುಗಿದಿದೆ. ಅವಳು ಬಿರಬಿರನೆ ಹತ್ತಿಹೋದಳು. ಹಿಂದೆಯೇ ಏದುಸಿರು ಬಿಡುತ್ತ ಹೊರಟ ನನ್ನನ್ನು ಕೊನೆಯ ಮೆಟ್ಟಿಲಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿ, "ಬೆಲ್ ಮಾಡು" ಎಂದಳು. ಗೋಡೆಯೇ ಇಲ್ಲದ ಮನೆಯ ಹೊರಗೆ ನಿಂತು ನಾನು ಬಾಯಲ್ಲೇ "ಟಿಂಗ್ ಟಾಂಗ್" ಎಂದೆ. ಅವಳು ಇಲ್ಲದ ಚಿಲಕ ಸರಿಸಿ, ಇಲ್ಲದ ಬಾಗಿಲು ತೆಗೆದು, ಮುಖವರಳಿಸಿ ಹೇಳಿದಳು: "ಬಾ ಅಣ್ಣಾ, ನಮ್ಮನೆಗೆ ಬಾ."