ಶೀಲಾವತಿಯ ಅರ್ಧ ಪಾಲು

ಚೆಂಬೂರು ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ಗಾಲಾಕ್ಕೆ, ಅಂದರೆ ಸಣ್ಣ ಮಳಿಗೆಗೆ, ಬೋರ್ಡಿಲ್ಲ. ಒಂದೇ ಕೋಣೆ, ಕಬ್ಬಿಣದ ಶಟರು, ಒಳಗೆ ತಿರುಗುವ ಎರಡು ಗ್ರೈಂಡರು. ಶೀಲಾವತಿ ಅಕ್ಕಿ ಉದ್ದು ನೆನೆಸಿ ರುಬ್ಬುತ್ತಾಳೆ. ಅವಳ ಗಂಡ ಶೇಖರ ದೋಸೆ ಹಿಟ್ಟನ್ನು ಪ್ಯಾಕೆಟ್ಟಿಗೆ ತುಂಬುತ್ತಾನೆ. ಮೂವತ್ತು ವರ್ಷ ಫೋರ್ಟಿನಲ್ಲಿ ಸ್ವಂತ ಹೋಟೆಲಿನ ಗಲ್ಲಾದಲ್ಲಿ ಕೂತ ಮನುಷ್ಯ, ಈಗ ಪ್ಯಾಕೆಟ್ಟಿನ ಬಾಯಿ ಸರಿಯಾಗಿ ಕಟ್ಟದಿದ್ದರೆ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ.

ಮೊದಲೇ ಹೇಳಿಬಿಡುತ್ತೇನೆ, ಹೋಟೆಲ್ ಮಾಲೀಕರ ಮೇಲೆ ನನಗೆ ಕನಿಕರ ಕಡಿಮೆ. ಯೂನಿಯನ್ನಿನಲ್ಲಿದ್ದಾಗ ಇದೇ ಶೇಖರನ ಹೋಟೆಲಿನ ಎದುರು ಹನ್ನೊಂದು ದಿನ ಧರಣಿ ಕೂತಿದ್ದೆವು, ಕೆಲಸದವರ ವಾರದ ರಜೆಗಾಗಿ. ಹನ್ನೆರಡನೇ ದಿನ ಒಪ್ಪಿದ. ಒಪ್ಪಿ ನಮಗೆಲ್ಲ ಕಾಫಿ ತರಿಸಿದ, ಕುಡಿದ ಮೇಲೆ ಬಿಲ್ಲನ್ನೂ ಕಳಿಸಿದ. ಅಂಥವನು.

ಆ ಹೋಟೆಲು ಹೋದದ್ದು ಒಂದು ಸಹಿಯಿಂದ. ಫೋರ್ಟಿನ ನಮ್ಮ ಹೋಟೆಲಿನವರಿಗೆ ಒಂದು ಚಾಳಿ ಇದೆ. ಊರಿನವನೊಬ್ಬ ಬ್ಯಾಂಕಿನ ಕಾಗದ ಹಿಡಿದು ಬಂದರೆ ಗಲ್ಲಾದಲ್ಲಿ ಕೂತಲ್ಲೇ, ಒಂದು ಬಿಲ್ಲಿಗೂ ಇನ್ನೊಂದು ಬಿಲ್ಲಿಗೂ ನಡುವೆ, ಜಾಮೀನು ಸಹಿ ಹಾಕಿಬಿಡುತ್ತಾರೆ. ಓದುವುದು ಮರ್ಯಾದೆ ಅಲ್ಲ. ಓದಿದರೆ ಊರಿನವನನ್ನು ನಂಬಲಿಲ್ಲ ಎಂದಾಗುತ್ತದೆ. ಶೇಖರನ ಊರಿನ ಮೋನಪ್ಪ ಗೋರೆಗಾಂವ್‌ನಲ್ಲಿ ದೊಡ್ಡ ರೆಸ್ಟೋರೆಂಟ್ ತೆಗೆದ, ಲಾಕ್‌ಡೌನಿನಲ್ಲಿ ಮುಚ್ಚಿದ, ಫೋನೂ ಮುಚ್ಚಿದ. ಬ್ಯಾಂಕಿನವರು ಜಾಮೀನುದಾರನ ಬಾಗಿಲಿಗೆ ಬಂದರು. ಹೋಟೆಲು ಕೊಟ್ಟರೂ ಸಾಲ ತೀರಲಿಲ್ಲ. ಕೊನೆಗೆ ಶೇಖರನೇ ಹೈಕೋರ್ಟಿಗೆ ಅರ್ಜಿ ಹಾಕಿ ದಿವಾಳಿಯೆಂದು ಘೋಷಿಸಿಕೊಂಡ.

ಮನೆ ನಡೆದದ್ದು ಶೀಲಾವತಿಯ ಹಿಟ್ಟಿನಿಂದ. ಚೆಂಬೂರಿನ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ರುಬ್ಬಿ ಸುತ್ತಲಿನ ಬಿಲ್ಡಿಂಗುಗಳಿಗೆ ಕೊಡುತ್ತಿದ್ದಳು. ಗಿರಾಕಿ ಹೆಚ್ಚಾದಷ್ಟೂ ಗ್ರೈಂಡರಿನ ಹೊತ್ತೂ ಹೆಚ್ಚಾಯಿತು. ಕೆಳಗಿನ ಮನೆಯ ಸೀಲಿಂಗಿನಿಂದ ಪ್ಲಾಸ್ಟರ್ ಉದುರಿದ ದಿನ ಸೊಸೈಟಿಯ ನೋಟೀಸು ಬಂತು. ಎರಡು ತಿಂಗಳ ಗಡುವು, ಜೂನ್ ಒಂದರಿಂದ ಗ್ರೈಂಡರ್ ಬಂದ್.

ಗ್ರೈಂಡರ್ ರಿಪೇರಿ ಮಾಡುವ ವಿಜಯಪುರದ ಅಲ್ಲಾವುದ್ದೀನನ ಹತ್ತಿರ ಒಂದು ಖಾಲಿ ಗಾಲಾ ಇತ್ತು. ಡಿಪಾಸಿಟ್ ಒಂದೂವರೆ ಲಕ್ಷ.

"ನಿಮ್ಮ ಸಲುವಾಗಿ ಒಂದನೇ ತಾರೀಖಿನ ತನಾ ಕಾಯ್ತೀನ್ರಿ ಅಕ್ಕಾ. ಅದರ ಮ್ಯಾಲೆ ಕೇಳಬ್ಯಾಡ್ರಿ," ಅಂದ. "ನನಗೂ ಹೊಟ್ಟಿ ಐತಿ."

ಒಂದೂವರೆ ಲಕ್ಷ ಬರಬೇಕಾದರೆ ಇದ್ದದ್ದು ಒಂದೇ ದಾರಿ. ಹಿಂದೆ, ಹೋಟೆಲು ಚೆನ್ನಾಗಿ ನಡೆಯುತ್ತಿದ್ದಾಗ, ಗಂಡಹೆಂಡತಿ ಬ್ಯಾಂಕಿಗೆ ಹೋಗಿ ಇಬ್ಬರ ಹೆಸರಿನಲ್ಲಿ ಎಫ್‌ಡಿ ಇಡಬೇಕು ಅಂದಿದ್ದರು. ಟೈ ಕಟ್ಟಿದವನೊಬ್ಬ, ಇದು ಎಫ್‌ಡಿಗಿಂತ ಒಳ್ಳೆಯದು, ವರ್ಷಕ್ಕೆ ಒಂದು ಲಕ್ಷದ ಹಾಗೆ ಮೂರು ವರ್ಷ ಇಡಿ, ಐದನೇ ವರ್ಷಕ್ಕೆ ದುಡ್ಡು ಕೈಗೆ, ಅಂದ. ಶೇಖರ ಸಹಿ ಹಾಕಿ ಪೆನ್ನನ್ನು ಹೆಂಡತಿಗೆ ದಾಟಿಸಿದ, ಅವಳೂ ಹಾಕಿದಳು. ಮೂರು ವರ್ಷ ಕಟ್ಟಿದರು. ದಿವಾಳಿಯಾದ ಮೇಲೆ ಶೀಲಾವತಿ ಆ ಕಾಗದ ಹುಡುಕಿ ಬ್ಯಾಂಕಿಗೆ ಹೋದಾಗ ಗೊತ್ತಾಯಿತು, ಅದು ಎಫ್‌ಡಿ ಅಲ್ಲ, ಇಬ್ಬರ ಜೀವದ ಮೇಲಿನ ಇನ್ಶೂರೆನ್ಸ್ ಪಾಲಿಸಿ, ಹದಿನೈದು ವರ್ಷ ಕಟ್ಟಬೇಕು. ಕಟ್ಟದೆ ಬಿಟ್ಟದ್ದರಿಂದ ಹೆಚ್ಚುಕಡಿಮೆ ಎಲ್ಲ ಮುಳುಗಿದೆ. ಕಂಪನಿಗೆ ಬರೆದರೆ, ನೀವೇ ಸಹಿ ಹಾಕಿದ್ದೀರಲ್ಲ ಅಂತ ಉತ್ತರ.

ಆಗಲೇ, ಸೊಸೈಟಿಯ ನೋಟೀಸಿಗೆ ಎಷ್ಟೋ ತಿಂಗಳು ಮೊದಲು, ನನ್ನ ಹತ್ತಿರ ಬಂದಳು. "ಅಣ್ಣಾ, ಇವರ ಹೋಟೆಲಿನ ಎದುರು ಅಷ್ಟು ದಿನ ಧಿಕ್ಕಾರ ಕೂಗಿದಿರಿ. ಈಗ ಇವರ ಪರವಾಗಿ ಒಂದು ಕಾಗದ ಬರೆದುಕೊಡಿ," ಅಂದಳು. ಬರೆದೆ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್ನರಿಗೆ ಇಬ್ಬರ ಹೆಸರಿನ ದೂರು. ಅದರಲ್ಲಿ ಮುಖ್ಯವಾದ ಮಾತು ಒಂದೇ: ಬ್ಯಾಂಕಿಗೆ ಹೋಗಿ ಕೇಳುವ ತನಕ ಇದು ಪಾಲಿಸಿ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮೇ ಮೊದಲ ವಾರ ಆದೇಶ ಬಂತು. ಕಟ್ಟಿದ ಮೂರು ಲಕ್ಷವನ್ನೂ ಬಡ್ಡಿ ಸೇರಿಸಿ ಇಬ್ಬರಿಗೂ ವಾಪಸ್ ಕೊಡಬೇಕು. ದುಡ್ಡು ಹಾಕುವ ಮೊದಲು ಒಪ್ಪಿಗೆ ಪತ್ರ ಮತ್ತು ಒಂದು ಬ್ಯಾಂಕ್ ಖಾತೆಯ ನಂಬರು ಕಳಿಸಿ ಅಂತ ಕಂಪನಿ ಕೇಳಿತು.

ಶೇಖರ ಹಳೇ ಅಭ್ಯಾಸದಂತೆ ತನ್ನ ಖಾತೆಯ ನಂಬರು ಬರೆಯಲು ಕೂತ. ಕೋರ್ಟಿನ ಹೊರಗೆ ಕಾಗದಪತ್ರ ಮಾಡಿಸಿಕೊಡುವ ಶಶಿಕಾಂತ ಅವತ್ತು ಮನೆಯಲ್ಲಿದ್ದ. ನಾನೂ ಇದ್ದೆ.

"ತಲೆ ಸರಿ ಇದೆಯಾ ಶೇಖರಣ್ಣ? ನೀವು ದಿವಾಳಿ," ಅಂದ ಶಶಿಕಾಂತ. "ನಿಮ್ಮ ಖಾತೆಗೆ ಬಿದ್ದದ್ದು ಸೀದಾ ಅಫಿಶಿಯಲ್ ಅಸೈನಿಯ ಕೈಗೆ."

ದಿವಾಳಿಯಾದವರ ಸೊತ್ತನ್ನು ವಶಕ್ಕೆ ತೆಗೆದುಕೊಂಡು ಸಾಲ ಕೊಟ್ಟವರಿಗೆ ಹಂಚುವ ಅಧಿಕಾರಿ ಅವರು. ಶೀಲಾವತಿಯ ಮುಖ ಇಳಿಯಿತು. "ಎಲ್ಲವೂ ಹೋಗುತ್ತದಾ? ನನ್ನದೂ?"

"ಅದಕ್ಕೇ ಉಪಾಯ ತಂದಿದ್ದೇನೆ." ಶಶಿಕಾಂತ ಬ್ಯಾಗಿನಿಂದ ಹಳೇ ಸ್ಟ್ಯಾಂಪ್ ಪೇಪರೊಂದನ್ನು ತೆಗೆದ. "ದಿವಾಳಿಗೆ ಮೊದಲೇ, ಎರಡು ಸಾವಿರದ ಹತ್ತೊಂಬತ್ತರಲ್ಲೇ, ಶೇಖರಣ್ಣ, ನಿಮ್ಮ ಪಾಲನ್ನು ಹೆಂಡತಿಗೆ ಬರೆದುಕೊಟ್ಟ ಹಾಗೆ. ತಾರೀಖು ನನಗೆ ಬಿಡಿ. ಸಹಿ ಮಾತ್ರ ನಿಮ್ಮದು."

ಶೇಖರ ಆಗಲೇ ಪೆನ್ನಿನ ಕ್ಯಾಪು ತೆಗೆದಿದ್ದ. ಶೀಲಾವತಿ ಅದನ್ನು ಕೈಯಿಂದ ಕಸಿದಳು.

"ಎಂತ ಬರೆದಿದೆ ಅದರಲ್ಲಿ? ಓದಿ."

"ಓದುವುದೆಂತ ಮಾರಾಯ್ತಿ, ನಿನ್ನ ಒಳ್ಳೆಯದಕ್ಕೇ ಅಲ್ಲವಾ," ಅಂದ ಶೇಖರ.

"ಮೋನಪ್ಪನೂ ಒಳ್ಳೆಯದಕ್ಕೇ ಅಂದಿದ್ದ. ಓದಿ ಶಶಿಕಾಂತಣ್ಣ."

ಶಶಿಕಾಂತ ಓದಿದ. ನಮ್ಮಿಬ್ಬರ ಹೆಸರಿನಲ್ಲಿರುವ ಇನ್ಶೂರೆನ್ಸ್ ಪಾಲಿಸಿಯಲ್ಲಿ ನನಗೆ ಬರಬೇಕಾದ ಹಕ್ಕನ್ನೆಲ್ಲ, ಎಂದು ಶುರುವಾಗಿತ್ತು. ಶೀಲಾವತಿ ಅಲ್ಲಿಗೇ ತಡೆದಳು.

"ಹತ್ತೊಂಬತ್ತರಲ್ಲಿ ಅದು ಪಾಲಿಸಿ ಅಂತ ನಮಗೆ ಎಲ್ಲಿ ಗೊತ್ತಿತ್ತು? ಗೊತ್ತಿರಲಿಲ್ಲ ಅಂತ ಅಣ್ಣನ ಕೈಯಲ್ಲಿ ಬರೆಸಿಕೊಟ್ಟೇ ಗೆದ್ದದ್ದು. ಈ ಕಾಗದ ತೋರಿಸಿದರೆ ಕಂಪನಿಯವ ಕೇಳುವುದಿಲ್ಲವಾ, ಆಗಲೇ ಗೊತ್ತಿತ್ತಲ್ಲ ನಿಮಗೆ ಅಂತ?"

ದೂರು ಬರೆದ ನನಗೇ ಅದು ಹೊಳೆದಿರಲಿಲ್ಲ. ಶಶಿಕಾಂತ ಸ್ಟ್ಯಾಂಪ್ ಪೇಪರನ್ನು ಮಡಚಿ, "ನಾನು ಸಹಾಯಕ್ಕೆ ಅಂತ ಬಂದದ್ದು," ಅಂದ. "ಚಾ ಕುಡಿದು ಹೋಗಿ," ಅಂದಳು ಶೀಲಾವತಿ.

ಮರುದಿನ ಅವಳು ಗಂಡನನ್ನು ಕರಕೊಂಡು ಲೋಕಲ್ ಹಿಡಿದು ಫೋರ್ಟಿಗೆ ಹೋದಳು, ಸೀದಾ ಅಸೈನಿಯ ಕಚೇರಿಗೆ. ನಾನೂ ಹಿಂದಿನಿಂದ ಹೋದೆ. ಶೇಖರ ದಾರಿಯುದ್ದಕ್ಕೂ, "ಹುಲಿಯ ಬಾಯಿಗೆ ನಾವೇ ಹೋಗುವುದಾ ಲೀಡರೇ?" ಅಂತ ನನ್ನ ಕಿವಿ ಕೊರೆದ. ಕಚೇರಿಯಲ್ಲಿ ಶೀಲಾವತಿ ಆದೇಶ, ಪಾಲಿಸಿ, ಕಂಪನಿಯ ಪತ್ರ ಮೂರನ್ನೂ ಮೇಜಿನ ಮೇಲಿಟ್ಟಳು. ಅಲ್ಲಿನ ಅಧಿಕಾರಿ, ಕನ್ನಡಕ ಹಾಕಿದ ಹೆಂಗಸು, ಎಲ್ಲವನ್ನೂ ನಿಧಾನವಾಗಿ ಓದಿದರು. ಶೇಖರ ಗೋಡೆಗೆ ಆತುಕೊಂಡು ನಿಂತಿದ್ದ.

"ದಿವಾಳಿ ಯಾರು? ಇವರೊಬ್ಬರೇ ತಾನೆ?" ಹಿಂದಿಯಲ್ಲಿ ಕೇಳಿದರು.

"ಹೌದು. ನಾನು ಯಾವ ಜಾಮೀನಿಗೂ ಸಹಿ ಹಾಕಿಲ್ಲ."

"ಹಾಗಾದರೆ ಇವರ ಅರ್ಧ ನಮಗೆ ಬರಬೇಕು. ನಿಮ್ಮ ಅರ್ಧ ನಮಗೆ ಯಾಕೆ? ಅದು ನಿಮ್ಮದು." ಪತ್ರವನ್ನು ತಿರುಗಿಸಿ ನೋಡಿದರು. "ಒಂದೇ ಖಾತೆಗೆ ತೆಗೆದುಕೊಂಡಿದ್ದರೆ ಬಿಡಿಸಲು ವರ್ಷಗಟ್ಟಲೆ ಅಲೆಯಬೇಕಿತ್ತು. ಬಚ್ಚಿಟ್ಟಿದ್ದರೆ ಇನ್ನೂ ಕಷ್ಟ. ಎರಡು ಭಾಗ ಮಾಡಿ ಹಾಕಿ ಅಂತ ಕಂಪನಿಗೆ ನಾವೇ ಬರೆಯುತ್ತೇವೆ. ಇಲ್ಲಿ ಸಹಿ ಹಾಕಿ."

ಶೀಲಾವತಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು. "ಅಣ್ಣಾ, ಓದಿ ಹೇಳಿ." ಓದಿ ಹೇಳಿದೆ. ಆಮೇಲೆ ಸಹಿ ಹಾಕಿದಳು. ಆ ಹೆಂಗಸಿಗೆ ನಗು ಬಂತು, ಬೇಸರವಾದಂತೆ ಕಾಣಲಿಲ್ಲ.

ಹೊರಗೆ ಬಂದು ಶೇಖರ ಫುಟ್‌ಪಾತಿನ ಕಟ್ಟೆಯ ಮೇಲೆ ಕುಸಿದು ಕೂತ. "ಅರ್ಧ ಹೋಯಿತಲ್ಲ," ಅಂದ.

"ಅದು ಸಾಲ ಕೊಟ್ಟವರದ್ದು. ನಿಮ್ಮ ತಲೆಯಿಂದ ಅಷ್ಟು ಇಳಿಯಿತು ಅಂತ ತಿಳಿಯಿರಿ. ಏಳಿ, ಇಡ್ಲಿ ತಿನ್ನುವ. ಬಿಲ್ಲು ನಾನು ಕೊಡುತ್ತೇನೆ. ಅಣ್ಣನದ್ದೂ."

ಮೇ ಇಪ್ಪತ್ತೇಳಕ್ಕೆ ಶೀಲಾವತಿಯ ಖಾತೆಗೆ ಅವಳ ಅರ್ಧ ಬಂತು. ಇಪ್ಪತ್ತೆಂಟಕ್ಕೆ ಅಲ್ಲಾವುದ್ದೀನ ಶಟರಿನ ಬೀಗ ತೆಗೆದು, ಗ್ರೈಂಡರುಗಳನ್ನು ತಾನೇ ಕೈಗಾಡಿಯಲ್ಲಿ ತಂದು ಇಳಿಸಿದ. ಒಪ್ಪಂದದ ಕಾಗದವನ್ನು ಅವಳು ಎರಡು ಸಲ ಓದಿಸಿಕೊಂಡಳು. "ನಿಮ್ಮ ಕೂಡ ವ್ಯವಹಾರ ಭಾಳ ಕಷ್ಟ ಐತ್ರಿ ಅಕ್ಕಾ," ಅಂದ ಅವನು. ಅವತ್ತು ರುಬ್ಬಿದ ಮೊದಲ ಹಿಟ್ಟು ಅವನ ಮನೆಗೇ ಹೋಯಿತು.

ಮೊನ್ನೆ ನಾನು ಹೋದಾಗ ಫೋರ್ಟಿನ ಹಳೇ ಹೋಟೆಲಿನವನೊಬ್ಬ ಗಾಲಾದಲ್ಲಿ ಕೂತಿದ್ದ. ಕೈಯಲ್ಲಿ ಬ್ಯಾಂಕಿನ ಕಾಗದ. "ಶೇಖರಣ್ಣ, ಒಂದು ಸಣ್ಣ ಜಾಮೀನು," ಅಂದ.

ಶೇಖರ ಹಿಟ್ಟಿನ ಕೈ ಎತ್ತಿ ತೋರಿಸಿದ. "ದಿವಾಳಿಯ ಸಹಿ ಯಾವ ಬ್ಯಾಂಕಿಗೆ ಬೇಕು ಮಾರಾಯ? ಕಾಗದ ಒಳಗಿಡು." ಹೇಳುವಾಗ ಮುಖದಲ್ಲಿ ನಾಚಿಕೆ ಇರಲಿಲ್ಲ. ಅಷ್ಟು ಆರಾಮವಾಗಿ ಅವನನ್ನು ನಾನು ಯಾವತ್ತೂ ನೋಡಿಲ್ಲ.

ಬಂದವನ ಕಣ್ಣು ಶೀಲಾವತಿಯ ಕಡೆ ಹೊರಳಿತು.

"ನಾನು ಮೊದಲು ಓದಿಸಿಕೊಳ್ಳುತ್ತೇನೆ," ಅಂದಳು ಅವಳು. ಅವನು ಕಾಗದ ಮಡಚಿ, ಎರಡು ಕಿಲೋ ಹಿಟ್ಟು ಕೊಂಡು ಹೋದ.