ಹೆಸರಿಡದ ಮಗು ಹೋದ ಕಡೆ

ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ವಡಾ ಕರಿಯುವ ಎಣ್ಣೆಯ ವಾಸನೆ ಬಂದರೆ ಮೊಮ್ಮಕ್ಕಳು ನೀವಿಬ್ಬರೂ ತಳ್ಳುಗಾಡಿಯ ಹತ್ತಿರ ಓಡುತ್ತೀರಿ. ನನಗೆ ಮಾತ್ರ ಠಾಣೆ ಊರಿನ ಖಾಡಿ, ಅಂದರೆ ಸಮುದ್ರದ ಹಿನ್ನೀರಿನಾಚೆ, ಕಳವಾ ಎಂಬಲ್ಲಿದ್ದ ನಮ್ಮ ಒಂದು ಕೋಣೆಯ ಮನೆ ಕಣ್ಣೆದುರು ಬರುತ್ತದೆ. ಆ ವಾಸನೆ ಅಪ್ಪನ ಬನಿಯನ್ನಿನಲ್ಲಿ, ಕೂದಲಿನಲ್ಲಿ, ಅವರು ಮಲಗುತ್ತಿದ್ದ ಚಾಪೆಯಲ್ಲಿ ಇರುತ್ತಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಯಾರು ಏನು ಹೇಳಿದರೋ, ಮೊನ್ನೆ ಊಟದ ಹೊತ್ತಿಗೆ "ಅಜ್ಜಿ, ನರಕ್ ಸಚ್‌ಮುಚ್ ಹೋತಾ ಹೈ ಕ್ಯಾ?" ಎಂದು ಕೇಳಿದಿರಿ, ನರಕ ನಿಜಕ್ಕೂ ಇರುತ್ತದಾ ಎಂದು. ನಾನು ನಿಮ್ಮ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ಎದುರು ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಅದಕ್ಕೇ ಬರೆಯುತ್ತಿದ್ದೇನೆ, ನಿಮ್ಮ ಅಮ್ಮ ಓದಿ ಹೇಳಲಿ.

ನನ್ನ ಅಮ್ಮನ ಬಾಣಂತನಕ್ಕೆ ಒಂದು ಕೈ ಬೇಕೆಂದು, ಉಡುಪಿ ಕಡೆಯ ಹಳ್ಳಿ ಶಾಲೆ ಬಿಡಿಸಿ ನನ್ನನ್ನು ಕಳವಾಕ್ಕೆ ಕರೆತಂದರು. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಕರಿಯುವ ಕೆಲಸಕ್ಕಿದ್ದರು. ಅವರ ತಾಯಿ, ನನ್ನ ಅಜ್ಜಿ, ಬಾಗಿಲ ಬಳಿ ಕೂತು ಹತ್ತಿ ಹೊಸೆದು ಬತ್ತಿ ಮಾಡುತ್ತ ನರಕದ ಕಥೆ ಹೇಳುತ್ತಿದ್ದರು. ಸುಳ್ಳು ಹೇಳಿದವರನ್ನು, ಅನ್ನ ಚೆಲ್ಲಿದವರನ್ನು ಯಮನ ಆಳುಗಳು ಕೊಪ್ಪರಿಗೆಯ ಎಣ್ಣೆಯಲ್ಲಿ ಕರಿಯುತ್ತಾರಂತೆ. ಮನೆ ಹತ್ತಿರ ರೈಲು ನಿಲ್ಲಿಸಿ ರಿಪೇರಿ ಮಾಡುವ ಕಾರ್‌ಶೆಡ್ಡಿನಲ್ಲಿ ಕಬ್ಬಿಣ ಕಿರುಗುಟ್ಟಿದರೆ ನನಗೆ ಅದೇ ಆ ಲೋಕದ ಸದ್ದು. ಒಂದು ದಿನ ಅಪ್ಪನ ಕೈಯ ಸುಟ್ಟ ಗುಳ್ಳೆ ನೋಡಿ, ನೀವು ಯಮನ ಹತ್ತಿರ ಕೆಲಸಕ್ಕಿದ್ದೀರಾ ಎಂದು ಕೇಳಿಬಿಟ್ಟೆ. "ಯಮನಾದರೆ ಪಗಾರ ಸರಿಯಾಗಿ ಕೊಡ್ತಿದ್ದ ಮಗಾ" ಎಂದು ನಕ್ಕರು. ಆ ಮನೆಯಲ್ಲಿ ಅಪ್ಪ ನಕ್ಕದ್ದು ನನಗೆ ಅದೊಂದೇ ನೆನಪು.

ಹುಟ್ಟಿದ ತಮ್ಮ ಹೆಸರಿಡುವ ಮೊದಲೇ ಜ್ವರ ಬಂದು ತೀರಿಹೋದ. ನಮ್ಮಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ತಿಥಿ, ಪಿಂಡ ಯಾವುದೂ ಇಲ್ಲ. ಅಪ್ಪ ಅವನನ್ನು ತಮ್ಮದೇ ಪಂಚೆಯಲ್ಲಿ ಸುತ್ತಿ ಖಾಡಿಯ ದಂಡೆಗೆ ಎತ್ತಿಕೊಂಡು ಹೋದರು. ಹಾಲಿಗೆ ರವಿಕೆ ಒದ್ದೆಯಾಗುತ್ತಿದ್ದರೂ ಒರೆಸಿಕೊಳ್ಳದೆ ಕೂತಿದ್ದ ಅಮ್ಮ, ಮಗು ಈಗ ಎಲ್ಲಿದೆ ಎಂದಷ್ಟೇ ಕೇಳುತ್ತಿದ್ದರು. ಅಜ್ಜಿ ಕೈಯ ಬತ್ತಿ ಬಿಡದೆ ಹೇಳಿದರು: "ಕ್ರಿಯೆ ಇಲ್ಲ, ಹೆಸರೂ ಇಲ್ಲ. ಅದಕ್ಕೆ ದಾರಿ ತೋರಿಸುವವರು ಯಾರು? ಕತ್ತಲೆಯಲ್ಲಿ ಅಳ್ತಾ ಇರ್ತದೆ." ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಅವರಿಗೆ ಗೊತ್ತಿದ್ದ ದೇವರು ಅಷ್ಟೇ. ಅಮ್ಮ ಅನ್ನ ಬಿಟ್ಟರು.

ಒಂದು ಸಂಜೆ ಅಪ್ಪ ಕೆಲಸದಿಂದ ಬಂದವರು, ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅಜ್ಜಿಯ ಕೈಯಿಂದ ಗಿಂಡಿ ತೆಗೆದುಕೊಂಡರು. "ಹಾಲು ಕುಡಿಯುವ ಮಗುವನ್ನು ಕತ್ತಲೆಯಲ್ಲಿ ಕೂರಿಸುವ ದೇವರಿಗೆ ನಮ್ಮ ಮನೆ ದೀಪ ಬೇಡ ಅಮ್ಮ" ಎಂದರು, ಮೆಲ್ಲಗೆ. ಮತ್ತೆ ಆ ಮನೆಯಲ್ಲಿ ದೇವರ ದೀಪ ಹಚ್ಚಲಿಲ್ಲ. ಅಮ್ಮ ಊಟಕ್ಕೆ ಎದ್ದರು, ಅಜ್ಜಿಯೊಡನೆ ಮಾತು ಬಿಟ್ಟರು. ಅಜ್ಜಿ ಮಾತ್ರ ಯಾರಿಗೂ ಬೇಡದ ಬತ್ತಿ ಹೊಸೆದು ಡಬ್ಬಿ ತುಂಬಿಸುತ್ತಲೇ ಇದ್ದರು.

ಮುಂದಿನ ಮಳೆಗಾಲ ಅಜ್ಜಿ ಹಾಸಿಗೆ ಹಿಡಿದರು. ನರಕದ ಮೂಲೆಮೂಲೆ ಬಲ್ಲ ಅವರಿಗೆ ಈಗ ಕಣ್ಣು ಮುಚ್ಚಲು ಭಯ. "ಯಮನ ಆಳುಗಳು ನನ್ನನ್ನು ಬಿಡುವುದಿಲ್ಲ" ಎನ್ನುತ್ತಲೇ ಇದ್ದರು. ಗಂಜಿ ಕುಡಿಸುತ್ತಿದ್ದ ಅಮ್ಮ ಅಂದು ಚಮಚ ಕೆಳಗಿಟ್ಟು, ಅಷ್ಟು ಕಾಲದ ಮೇಲೆ ಮಾತಾಡಿದರು.

"ಹೆದರಬೇಡಿ ಅತ್ತೆ. ನೀವು ಹೋಗುವಲ್ಲಿ ನಮ್ಮ ಮಗು ಒಂಟಿಯಾಗಿ ಉಂಟು. ಕತ್ತಲೆಯಾದರೂ ಹುಡುಕಿ ಎತ್ತಿಕೊಳ್ಳಿ."

ಅಜ್ಜಿ ಅಮ್ಮನ ಕಡೆ ಮುಖ ತಿರುಗಿಸಿದರು. "ಎಂತ ಹೇಳಿ ಕರೆಯಲಿ?" ಎಂದು ಕೇಳಿದರು.

ಅಮ್ಮ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಅಜ್ಜಿ ತಲೆಯಾಡಿಸಿ ಕಣ್ಣು ಮುಚ್ಚಿದರು.

ನರಕ ಉಂಟೋ ಇಲ್ಲವೋ ನನಗೆ ತಿಳಿಯದು ಮಕ್ಕಳೇ. ದೇವರಿಗೆ ನನ್ನ ಅಮ್ಮನಷ್ಟಾದರೂ ಮನಸ್ಸು ಇರಬಹುದೆಂದು ನಂಬಿದ್ದೇನೆ; ಕೆಲವು ದಿನ ಅದೂ ಆಗುವುದಿಲ್ಲ. ನಮ್ಮ ಕೋಣೆಯಿದ್ದ ಸಾಲುಮನೆಗಳ ಆ ಚಾಳು ಈಗಿಲ್ಲ, ಖಾಡಿಯ ಆ ದಂಡೆಗೆ ಮಣ್ಣು ತುಂಬಿ ಕಟ್ಟಡ ಎಬ್ಬಿಸಿದ್ದಾರೆ. ಅಪ್ಪ ಹೋದರು, ಅಮ್ಮ ಹೋದರು. ತಮ್ಮನಿಗೆ ಅಮ್ಮ ಇಟ್ಟಿದ್ದ ಹೆಸರನ್ನು ನಾನು ಕೇಳದೆ ಉಳಿದೆ. ಅದು ಗೊತ್ತಿದ್ದವರು ಯಾರೂ ಈಗ ಈ ಕಡೆ ಇಲ್ಲ.